ಫಕ್ಕೀರಪ್ಪನ ಬಿಡುಗಡೆಗೆ ಬೇಕಿದ್ದ ಒಂದು ಮಾತು

ಮಲ್ಲವ್ವ ಕ್ಷಮಿಸಿದಳು ಎಂದು ನಮ್ಮೂರಿನವರು ಹೇಳುತ್ತಾರೆ. ಗಂಡನನ್ನು ಕೊಂದವನನ್ನು ಮನ್ನಿಸಿ ಜೈಲಿನಿಂದ ಊರಿಗೆ ಕರೆಸಿಕೊಂಡಳಂತೆ, ಸಾಯುವ ಮುಂಚೆ ಅವನ ಬಾಯಿಗೆ ತನ್ನ ಕೈಯಾರೆ ನೀರು ಬಿಟ್ಟಳಂತೆ. ಈ ಕಥೆಯನ್ನು ನಾನು ಗುಡಗೇರಿ ಸಂತೆಯಲ್ಲಿ ಕೇಳಿದ್ದೇನೆ, ಯರಗುಪ್ಪಿಯ ಒಂದು ಮದುವೆ ಮನೆಯಲ್ಲೂ ಕೇಳಿದ್ದೇನೆ. ಅಲ್ಲಿಗೆ ಹೋಗುವಷ್ಟರಲ್ಲಿ ನೀರು ಹಾಲಾಗಿತ್ತು. ಇನ್ನೆರಡು ಊರು ದಾಟಿದರೆ ತುಪ್ಪವೂ ಆಗಬಹುದು.

ನೀರೂ ಸುಳ್ಳು, ಹಾಲೂ ಸುಳ್ಳು. ಅದಕ್ಕೆ ನನ್ನ ಅಷ್ಟು ತಕರಾರಿಲ್ಲ. ತಕರಾರು ಇರುವುದು ಕ್ಷಮೆಯ ಬಗ್ಗೆ. ಒಬ್ಬ ಹೆಂಗಸು ಹತ್ತು ಜನರ ಮುಂದೆ ನಿಂತು, ಯೋಚಿಸಿ, ಅಳೆದು ಆಡಿದ ಮಾತನ್ನು ತೆಗೆದು ಬಿಸಾಕಿ, ಅಲ್ಲಿ ಕ್ಷಮೆ ಎಂಬ ಹೂವು ಇಟ್ಟರೆ ಅವಳಿಗೆ ಗೌರವ ಕೊಟ್ಟ ಹಾಗೆ ಆಗುವುದಿಲ್ಲ. ಅವಳು ಮಾಡಿದ್ದು ಕ್ಷಮೆಗಿಂತ ಕಷ್ಟದ ಕೆಲಸ. ನಾನು ಅಲ್ಲಿದ್ದೆ, ನೋಡಿದ್ದೇನೆ.

ಕಳೆದ ತಿಂಗಳು ಗುಡಗೇರಿ ಸ್ಟೇಶನ್ನಿನಲ್ಲಿ ಬೆಳಗಿನ ಪ್ಯಾಸೆಂಜರಿನಿಂದ ಇಳಿದು ಊರ ದಾರಿ ಹಿಡಿದಾಗ ಎರಡೂ ಕಡೆ ಕಡಲೆ ಹೊಲ. ಇಬ್ಬನಿ ಇನ್ನೂ ಆರಿರಲಿಲ್ಲ. ಇಬ್ಬನಿಗೆ ನೆನೆದ ಕಡಲೆ ಗಿಡಕ್ಕೆ ಒಂದು ಹುಳಿ ವಾಸನೆ ಇರುತ್ತದೆ, ಮೂಗಿಗೆ ಬಂದರೆ ಬಾಯಲ್ಲಿ ನೀರೂರುತ್ತದೆ. ಆ ವಾಸನೆಯ ಜೊತೆಗೇ ಆ ಹಿಂಗಾರು ಪೂರ್ತಿ ಬಂದು ನನ್ನ ಮುಂದೆ ನಿಂತಿತು.

ಆಗ ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದೆ. ದಿನಾ ರೈಲಿನಲ್ಲಿ ಹೋಗಿ ಬರುವುದು. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ಗೆದ್ದ ಕಪ್ಪುಗಳಲ್ಲಿ ಅಬ್ಬಾ ತಮ್ಮ ಹಿಟ್ಟಿನ ಗಿರಣಿಯ ನಟ್ಟು ಬೋಲ್ಟು ಇಡುತ್ತಿದ್ದರು. ಅಬ್ಬಾ ಎಂದರೆ ದಸ್ತಗೀರಸಾಬ. ಊರಿಗೆಲ್ಲ ಅವರೊಬ್ಬರದೇ ಗಿರಣಿ, ಹಾಗಾಗಿ ಊರಿನ ಮಾತೆಲ್ಲ ಅಲ್ಲಿಯೇ ಹಿಟ್ಟಾಗುತ್ತಿತ್ತು. ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಹೀಗಾಗಿ ನನ್ನ ಕನ್ನಡ ಚೆನ್ನಾಗಿದೆ.

ಫಕ್ಕೀರಪ್ಪ ಜೈಲಿಗೆ ಹೋದಾಗ ನಾನು ಊರಿನ ಕನ್ನಡ ಶಾಲೆಯಲ್ಲಿದ್ದೆ. ಅವನ ಹೊಲ, ಮಲ್ಲವ್ವನ ಗಂಡ ಶಿವಪ್ಪನ ಹೊಲ ಬಾಜೂಬಾಜೂಕೆ. ನಮ್ಮ ಎರೆಭೂಮಿಯಲ್ಲಿ ಮಳೆ ನೀರು ನಿಲ್ಲಿಸಲು ಹೊಲಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಾರೆ. ಒಂದು ದೊಡ್ಡ ಮಳೆಯ ಮರುದಿನ ಬೆಳಗ್ಗೆ ಒಡ್ಡು ಒಡೆದಿತ್ತು. ಮಳೆ ಒಡೆಯಿತೋ, ಶಿವಪ್ಪ ಒಡೆದನೋ ಎಂಬ ಮಾತು ಬೆಳೆದು, ಫಕ್ಕೀರಪ್ಪನ ಕೈಯಲ್ಲಿದ್ದ ಸಲಿಕೆ ಶಿವಪ್ಪನ ತಲೆಗೆ ಬಿತ್ತು. ಜೀವಾವಧಿ ಆಯಿತು. ಹೆಂಡತಿ ತವರಿಗೆ ಹೋದವಳು ಅಲ್ಲಿಯೇ ಉಳಿದಳು. ಅವನ ಹೊಲ ಮನೆ ನೋಡಿಕೊಂಡವಳು ಅಕ್ಕ ಗಂಗವ್ವ. ಒಡ್ಡಿನ ಆ ಕಡೆ ಮಲ್ಲವ್ವ, ಈ ಕಡೆ ಗಂಗವ್ವ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡದೆ ಅಷ್ಟು ವರ್ಷ ಬಿತ್ತಿದರು, ಬೆಳೆದರು.

ಆ ಹಿಂಗಾರಿಗೆ ಮಳೆ ಹದವಾಗಿತ್ತು. ಕಡಲೆ ಬಿತ್ತಿ ಮುಗಿಯುವಷ್ಟರಲ್ಲಿ ಜೈಲಿನಿಂದ ಸುದ್ದಿ ಬಂತು. ಫಕ್ಕೀರಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿ ಮಲಗಿದ್ದಾನೆ. ಇನ್ನು ಮಾಡುವುದು ಏನೂ ಇಲ್ಲವೆಂದು ವೈದ್ಯರೇ ಬರೆದುಕೊಟ್ಟಿದ್ದಾರೆ. ಇಂಥ ಕೈದಿಯನ್ನು ಸರಕಾರ ಮನೆಗೆ ಬಿಡಬಹುದು. ಆದರೆ ಬಿಡುವ ಮುಂಚೆ ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರೆ: ಇವನು ಬಂದರೆ ಯಾರು ನೋಡಿಕೊಳ್ಳುತ್ತಾರೆ, ಊರಿನಲ್ಲಿ ಗದ್ದಲ ಆಗುತ್ತದೆಯೇ, ಸತ್ತವನ ಕಡೆಯವರು ಏನನ್ನುತ್ತಾರೆ.

ಗಂಗವ್ವನಿಗೆ ಬೇರೆ ಆಸೆ ಇರಲಿಲ್ಲ. ಗಿರಣಿಗೆ ಬಂದು ನನ್ನ ಕೈ ಹಿಡಿದುಕೊಂಡು ಹೇಳಿದಳು, "ಶಬ್ಬೂ, ನೀ ವಕೀಲಕಿ ಕಲಿಯಾಕತ್ತೀ. ನನ್ನ ತಮ್ಮ ಪೊಲೀಸರ ಕಾವಲದಾಗ ಇರಬಾರದವ್ವ. ಮನ್ಯಾಗ ನಾನs ಇರ್ಬೇಕು ಅವನ ತಲಿದೆಸಿ." ಮುಂದೆ 'ಸಾಯುವಾಗ' ಎಂದು ಹೇಳಬೇಕಿತ್ತು, ಹೇಳಲಿಲ್ಲ. ನಾನು ಆಗ ಅದನ್ನು ಗಮನಿಸಲಿಲ್ಲ.

ಕುಂದಗೋಳದಿಂದ ಎಎಸ್‌ಐ ಸಾಹೇಬರು ಬಂದು ವಿಚಾರಿಸಿಕೊಂಡು ಹೋದ ದಿನ ನಾನು ಕಾಲೇಜಿನಲ್ಲಿದ್ದೆ. ಮಲ್ಲವ್ವ ಬಾಗಿಲು ಹಾಕಿಕೊಂಡು ಎಲ್ಲಿಗೋ ಹೋಗಿದ್ದಳಂತೆ. ಊರಿಗೆ ಹಿರಿಯರಾದ ಈರಪ್ಪಕಾಕಾ ಮೊದಲಾಗಿ ಉಳಿದವರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತು ಒಂದೇ ಬಾಯಿಯಿಂದ ಫಕ್ಕೀರಪ್ಪ ಬರಲಿ ಎಂದರಂತೆ. ಅಬ್ಬಾ ಖುಷಿಯಿಂದ ಹೇಳಿದರು, "ಆತಿನ್ನ, ಬಂದಂಗs ಲೆಕ್ಕಾ."

ಬರಲಿಲ್ಲ. ಕೆಲವು ವಾರಗಳಾದ ಮೇಲೆ ಬಿಡುಗಡೆಯ ಅರ್ಜಿ ವಾಪಸಾಯಿತು. ಊರು ಇನ್ನೂ ಸಿದ್ಧವಿಲ್ಲ, ಜಗಳ ಮತ್ತೆ ಏಳಬಹುದು ಎಂದು ಪೊಲೀಸ್ ವರದಿ. ಕೂಡಲೇ ಊರಿನಲ್ಲಿ ಎರಡು ಕಥೆ ಹುಟ್ಟಿದವು. ಪೊಲೀಸರ ಕೈ ಯಾರೋ ಬಿಸಿ ಮಾಡಿದ್ದಾರೆ ಎಂಬುದು ಒಂದು. ಆ ಯಾರೋ ಎಂದರೆ ಮಲ್ಲವ್ವನೇ ಎಂಬುದು ಇನ್ನೊಂದು. ಪುರಾವೆ ಕೇಳಿದರೆ, "ಇಲ್ಲದಿದ್ರ ಅವತ್ತ ಬಾಗಲಾ ಹಾಕ್ಕೊಂಡ ಯಾಕ ಹೋದ್ಳು?" ಪುರಾವೆ ಇಲ್ಲದ ಮಾತು ಕೇಳಿದರೆ ನನಗೆ ತುರಿಕೆ ಏಳುತ್ತದೆ. ಮರುದಿನ ಕಾಲೇಜು ಬಿಟ್ಟು ಕುಂದಗೋಳ ಠಾಣೆಗೆ ಹೋದೆ.

ಎಎಸ್‌ಐ ಸಾಹೇಬರು ಚಹಾ ಕುಡಿಯುತ್ತಿದ್ದರು. ಊರವರೆಲ್ಲ ಬರಲಿ ಅಂದಿರುವಾಗ ಬೇಡವೆಂದು ಯಾಕೆ ಬರೆದಿರಿ ಎಂದು ಕೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟು ನನ್ನನ್ನು ನೋಡಿದರು.

"ನೀ ದಸ್ತಗೀರಸಾಬರ ಮಗಳಲ್ಲಾ? ನಿಮ್ಮಪ್ಪಾರನ್ನ ಕೇಳವಾ. ಅವ ಹೆಂಗದಾನ ಅಂತ ನಾ ಕೇಳಿದ್ರ ಅವರೇನಂದ್ರು ಗೊತ್ತೈತೇನು? 'ಊರ ಗಾಳಿ ಕುಡದ್ರ ಎದ್ದ ಕುಂದರ್ತಾನ್ರಿ ಸಾಹೇಬ್ರ, ಮುಂದಿನ ಹಿಂಗಾರಿ ಅವನs ಬಿತ್ತತಾನ.' ಈರಪ್ಪಕಾಕಾ ಅಂದ್ರು, ಎತ್ತಿನಂಗ ಆಗ್ತಾನ. ಅವರಕ್ಕ ಅಂದ್ಳು, ಒಡ್ಡ ಒಡದ ಬಿದ್ದೈತಿ, ಅವ ಬಂದs ಹಾಕ್ಬೇಕು. ಹೇಳವಾ, ಎತ್ತಿನಂಥಾ ಆಳು, ಅದs ಒಡ್ಡು, ಬಾಜೂಕ ಅದs ಮಲ್ಲವ್ವ. ನಾ ಏನಂತ ಬರೀಲಿ? ಶಾಂತಿ ಇರತೈತಿ ಅಂತ ಬರೀಲೇನು?"

ಎಷ್ಟೋ ವೇದಿಕೆ ಹತ್ತಿದ್ದೇನೆ. ಅವತ್ತು ಮೊದಲ ಸಲ ಎದುರಾಳಿಗೆ ಕೈ ಮುಗಿದು ಹೊರಗೆ ಬಂದೆ.

ಮನೆಗೆ ಬಂದು ಅಬ್ಬಾನನ್ನು ಕನ್ನಡದಲ್ಲಿ ಹಿಡಿದುಕೊಂಡೆ.

"ಅವಂಗ ಏನಾಗೇತಿ ಅಂತ ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಮತ್ತ ಬಿತ್ತತಾನ ಅಂತ ಯಾಕ ಅಂದ್ರಿ?"

"ಇನ್ನೇನ ಅನ್ಬೇಕಿತ್ತು? ಗಂಗವ್ವ ಅಲ್ಲೇ ನಿಂತಾಳ. ಆಕಿ ಮುಂದ, ಜೀವಂತ ಇದ್ದಾವನ್ನ ಸಾಯ್ತಾನ ಅಂತ ನನ್ನ ಬಾಯಿಲೆ ಹೆಂಗ ಅನ್ಲಿ? ನಿಮ್ಮ ಕಾಲೇಜಿನ್ಯಾಗ ಅದನ್ನೂ ಕಲಸ್ಯಾರೇನು?"

ಅಲ್ಲಿಗೆ ವಿಷಯ ತಿಳಿಯಿತು. ನಮ್ಮ ಕಡೆ ಜಡ್ಡಿನವರನ್ನು ನೋಡಲು ಹೋದರೆ ಹೇಳುವುದು ಒಂದೇ ಮಾತು, ಆರಾಮ ಆಗ್ತಿ ಬಿಡು. ಉಸಿರು ಹೋಗುವ ಕೊನೆ ಗಳಿಗೆಯವರೆಗೂ ಅದೇ ಮಾತು. ಬದುಕಿದ್ದವರ ಸಾವನ್ನು ಬಾಯಿಂದ ಆಡಿದರೆ ಅದನ್ನು ನಾವೇ ಕರೆದ ಹಾಗೆ. ಅವತ್ತು ಕಟ್ಟೆಯ ಮೇಲೆ ಇಡೀ ಊರು ಮಾಡಿದ್ದು ಅಷ್ಟೇ. ಜಡ್ಡಿನವನ ಮನೆಗೆ ಹೋದಾಗ ನಡೆದುಕೊಳ್ಳುವ ಹಾಗೆ ಪೊಲೀಸರ ಮುಂದೆಯೂ ಮರ್ಯಾದೆಯಿಂದ ನಡೆದುಕೊಂಡಿತು. ಲಂಚವಿಲ್ಲ, ದ್ವೇಷವಿಲ್ಲ. ಮರ್ಯಾದೆಯೇ ಫಕ್ಕೀರಪ್ಪನನ್ನು ಜೈಲಿನಲ್ಲಿ ಇಟ್ಟಿತು.

ಅವನ ಪರವಾಗಿದ್ದ ಉಚಿತ ಕಾನೂನು ನೆರವಿನ ವಕೀಲರು ಊರಿನಲ್ಲಿ ಇನ್ನೊಮ್ಮೆ ವಿಚಾರಿಸಬೇಕೆಂದು ಕೇಳಿದರು. ಎಎಸ್‌ಐ ಇನ್ನೊಮ್ಮೆ ಬರುವುದಾಗಿ ಒಪ್ಪಿದರು. ನಾನು ಚರ್ಚಾ ತಂಡವನ್ನು ತಯಾರು ಮಾಡುವ ಹಾಗೆ ಊರನ್ನು ತಯಾರು ಮಾಡಲು ಹೊರಟೆ. ಗಿರಣಿಯ ಪಟ್ಟಾ ಬಿಚ್ಚಿಸಿ, ಸಪ್ಪಳ ನಿಲ್ಲಿಸಿ, ಒಬ್ಬೊಬ್ಬರನ್ನೇ ನಿಲ್ಲಿಸಿದೆ.

"ಈರಪ್ಪಕಾಕಾ, ಸಾಹೇಬರು ಕೇಳಿದ್ರ ಏನ್ ಹೇಳ್ತೀರಿ?"

"ಅವಂಗ ಆರಾಮಿಲ್ರಿ ಅಂತೇನಿ."

"ಆರಾಮ ಆಗ್ತಾನೇನು?"

"ಆಗ್ಲಿ ಅಂತ ದೇವರನ್ನ ಬೇಡ್ಕೊಳ್ಳೂದವಾ."

"ಕಾಕಾ! ಅವ ಉಳಿಯೂದಿಲ್ಲ ಅಂತ ಹೇಳ್ರಿ."

ಈರಪ್ಪಕಾಕಾ ಪಟಕ ತೆಗೆದು ತಲೆ ಒರೆಸಿಕೊಂಡರು. "ಲೇ ಹುಡಿಗಿ, ನನ್ನ ವಯಸ್ಸ ನೋಡು. ಅವಂಗಿಂತ ಮೊದಲ ಹೋಗಾವ ನಾನು. ನನ್ನ ಬಾಯಿಲೆ ಅನ್ಸಿ ಮ್ಯಾಲಿನಾವಂಗ ನನ್ನ ನೆನಪ ಮಾಡಿ ಕೊಡಬ್ಯಾಡ." ಗಿರಣಿಯಲ್ಲಿ ನಗುವೋ ನಗು. ಯಾರೋ ಹಿಂದಿನಿಂದ ಕೂಗಿದರು, "ವಕೀಲಬಾಯಾರ, ನೀವs ಅಂದ ತೋರಸ್ರಿ ಒಮ್ಮಿ, ಗಂಗವ್ವನ ಮುಂದ!"

ಗಂಗವ್ವ ಹಿಟ್ಟಿನ ಡಬ್ಬಿಯ ಹತ್ತಿರವೇ ಕೂತಿದ್ದಳು. ನಾನು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. ಅಬ್ಬಾ ಪಟ್ಟಾ ಏರಿಸಿ ಗಿರಣಿ ಶುರು ಮಾಡಿದರು; ಮಗಳು ಸೋತಾಗ ಅವರು ಮಾಡುವ ಉಪಕಾರ ಅದು.

ಎಎಸ್‌ಐ ಎರಡನೆಯ ಸಲ ಬಂದಾಗ ಕಡಲೆ ಗಿಡ ಕಾಯಿ ಕಟ್ಟುತ್ತಿತ್ತು. ಮಧ್ಯಾಹ್ನದ ಬಿಸಿಲು, ಅದೇ ಕಟ್ಟೆ. ನಾನು ಕಾಲೇಜಿಗೆ ಹೋಗಿರಲಿಲ್ಲ. ಸಾಹೇಬರು ಮೊದಲೇ ಹೇಳಿಬಿಟ್ಟರು, "ನೋಡ್ರಿ, ಡಾಕ್ಟರು ಬರದದ್ದು ನನ್ನ ಕಡೆ ಐತಿ. ಊರಾಗ ಏನಂತಾರ ಅಂತ ನಾ ಕೇಳಬೇಕು. ಸುಳ್ಳ ಹೇಳಿ ಅವಂಗ ಛಲೋ ಮಾಡಬ್ಯಾಡ್ರಿ."

ಅಬ್ಬಾ ಎದ್ದು ನಿಂತರು. ರಾತ್ರಿಯೆಲ್ಲ ತಯಾರಿ ಮಾಡಿಕೊಂಡವರ ಹಾಗೆ ಗಂಟಲು ಸರಿಪಡಿಸಿಕೊಂಡರು. "ಸಾಹೇಬ್ರ, ಹೋದ ಸಲ ನಾ ತಪ್ಪ ಹೇಳಿದ್ನಿ. ಫಕ್ಕೀರಪ್ಪ… ಫಕ್ಕೀರಪ್ಪ ಇನ್ನ ಭಾಳ ಒಕ್ಕಲತನ ಮಾಡೂದಿಲ್ರಿ." ಹೇಳಿ ಕೂತರು. ಹಣೆಯ ಮೇಲೆ ಬೆವರು. ಅಬ್ಬಾನ ಮಟ್ಟಿಗೆ ಅದು ದೊಡ್ಡ ಭಾಷಣ, ನನಗೆ ಈಗಲೂ ಅದರ ಬಗ್ಗೆ ಹೆಮ್ಮೆ. ಆದರೆ ಸಾಹೇಬರು ಪೆನ್ನು ಎತ್ತಲಿಲ್ಲ. "ಭಾಳ ಅಂದ್ರ? ಒಂದ ವರ್ಷ? ಎರಡ ವರ್ಷ?" ಅಬ್ಬಾ ಗಂಗವ್ವನ ಕಡೆ ನೋಡಿದರು. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ಅವಳ ತಮ್ಮ ಮನೆಗೆ ಬರುವುದು ಆ ಒಂದು ಮಾತಿನಲ್ಲಿತ್ತು, ಆ ಮಾತನ್ನು ಅವಳು ಆಡಲಾರಳು, ಅವಳಿರುವಾಗ ಬೇರೆಯವರೂ ಆಡಲಾರರು.

ಆಗ ಮಲ್ಲವ್ವ ಬಂದಳು. ಹೊಲದಿಂದ ನೇರ ಬಂದಿದ್ದಳು, ಕಾಲಿಗೆಲ್ಲ ಎರೆಮಣ್ಣು. ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟರೂ ಕೂರಲಿಲ್ಲ.

"ಬರ್ಕೋರಿ ಸಾಹೇಬ್ರ," ಅಂದಳು. "ಅವ ಸಾಯ್ತಾನ. ಜ್ವಾಳಾ ರಾಶಿ ಆಗೂದ್ರಾಗ ಸಾಯ್ತಾನ."

ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಗೇ ಉಸಿರು ಎಳೆದುಕೊಂಡ ಸಪ್ಪಳ ಕೇಳಿಸಿತು.

"ನಿಮಗ ಹೆಂಗ ಗೊತ್ತವಾ?"

"ನೋಡಿ ಬಂದೇನಿ. ಹೋದ ಸಲ ನೀವ ಬಂದಾಗ ನಾ ಹುಬ್ಬಳ್ಳಿ ದವಾಖಾನಿಗೆ ಹೋಗಿದ್ನಿ. ಬಾಗಲದಾಗ ನಿಂತ ಪೊಲೀಸ ಕೇಳಿದ, ನೀ ಅವಂಗ ಏನಾಗಬೇಕು ಅಂತ. ಬಾಜೂ ಹೊಲದವರ್ರಿ ಅಂದ್ನಿ. ಬಿಟ್ಟ. ಒಡ್ಡ ಹಾಕೂದಿರ್ಲಿ ಸಾಹೇಬ್ರ, ಉಗುಳ ನುಂಗಾಕ ಆಗವೊಲ್ದು ಅವಂಗ. ಅಂಥಾವ ನನ್ನ ಹೊಲಕ್ಕ ಬಂದ ಜಗಳಾ ಏನ್ ತಗೀತಾನ?"

ಗಂಗವ್ವ ತಲೆ ಎತ್ತಿದಳು. ಅಷ್ಟು ವರ್ಷಗಳಲ್ಲಿ ಮಲ್ಲವ್ವನಿಗೆ ಅವಳು ಆಡಿದ ಮೊದಲ ಮಾತು, "ನಿನ್ನ ನೋಡಿದ್ನೇನು ಅವ?"

ಮಲ್ಲವ್ವ ಅವಳ ಕಡೆ ತಿರುಗಲಿಲ್ಲ. ಸಾಹೇಬರ ಪೆನ್ನು ಓಡುವುದನ್ನೇ ನೋಡುತ್ತಿದ್ದಳು. ಬರೆದದ್ದನ್ನು ಅವರು ಓದಿ ಹೇಳಿದರು. ಕೊನೆಯಲ್ಲಿ ಒಂದು ಸಾಲು ಬಂತು, ಮೃತನ ಪತ್ನಿ ಸದರಿ ಕೈದಿಯನ್ನು ಕ್ಷಮಿಸಿರುತ್ತಾಳೆ.

"ಅದನ್ನ ತಗೀರಿ."

"ಅದರಿಂದ ಅವಂಗ ಛಲೋ ಆಕ್ಕೇತವಾ. ಮ್ಯಾಲಿನವರು ಜಲ್ದಿ ಒಪ್ತಾರ."

"ನೀವ ಕೇಳಿದ್ದ ಊರಾಗ ಗದ್ದಲಾ ಆಗತೈತೋ ಇಲ್ಲೋ ಅಂತ. ಆಗೂದಿಲ್ಲ ಅಂದ್ನಿ. ಅವ ಉಳೀತಾನೋ ಇಲ್ಲೋ ಅಂತ ಕೇಳಿದ್ರಿ. ಇಲ್ಲ ಅಂದ್ನಿ. ಕ್ಷಮಾ ಮಾಡೀಯೇನು ಅಂತ ಕೇಳಿದ್ರೇನು? ಕೇಳಲಾರದ ಮಾತಿಗಿ ನನ್ನ ಹೆಸರಲೆ ಉತ್ತರಾ ಬರದ್ರ ನಾ ಸಹಿ ಮಾಡೂದಿಲ್ಲ."

"ಹಂಗಾರ ಈಗ ಕೇಳ್ತೇನಿ. ಮಾಡೀರೇನು?"

"ಇಲ್ಲ," ಅಂದಳು ಮಲ್ಲವ್ವ. "ಆದ್ರ ಅವ ಮನಿಗಿ ಬರ್ಲಿ. ಎರಡೂ ಬರ್ಕೋರಿ."

ನಾನು ಎಷ್ಟೋ ತೀರ್ಪುಗಾರರ ಮುಂದೆ ನಿಂತಿದ್ದೇನೆ, ಈಗ ನ್ಯಾಯಾಲಯದಲ್ಲಿ ಹಿರಿಯರ ವಾದ ಕೇಳುತ್ತೇನೆ. ಕೇಳಿದ್ದಕ್ಕಷ್ಟೇ ಉತ್ತರ, ಇಲ್ಲದ್ದಕ್ಕೆ ಸಹಿ ಇಲ್ಲ, ಎರಡು ಮಾತು ಒಂದಕ್ಕೊಂದು ತಾಗದ ಹಾಗೆ ಬೇರೆಬೇರೆ ಇಡುವುದು — ಇಷ್ಟು ಸ್ವಚ್ಛ ವಾದವನ್ನು ನಾನು ಬೇರೆಲ್ಲೂ ಕೇಳಿಲ್ಲ. ಊರಿನ ಬಗ್ಗೆ ನನಗೆ ಹೆಮ್ಮೆ ಇದ್ದರೆ ಅದು ಆ ಮಧ್ಯಾಹ್ನದ ಹೆಮ್ಮೆ. ಇಡೀ ಊರು ಆಡಲಾಗದ ಮಾತನ್ನು ಆಡುವ ಹಕ್ಕು ಒಬ್ಬಳಿಗೇ ಇತ್ತು. ಆ ಮಾತನ್ನು ಅವಳು ಮನಸ್ಸಿನಲ್ಲಿ ಎಷ್ಟು ವರ್ಷ ಶಾಪವಾಗಿ ಆಡಿಕೊಂಡಿದ್ದಳೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಅವನ ಪರವಾಗಿ ಖರ್ಚು ಮಾಡಿದಳು. ಸಾಹೇಬರು ಆ ಸಾಲು ಹೊಡೆದು ಹಾಕಿದರು. ಮಲ್ಲವ್ವ ಸಹಿ ಮಾಡಿ, ಗಂಗವ್ವನನ್ನು ದಾಟಿ, ಹೊಲಕ್ಕೆ ವಾಪಸು ಹೋದಳು.

ಆದೇಶ ಬರುವಷ್ಟರಲ್ಲಿ ಜೋಳ ಹಾಲುಗಾಳಾಗಿ, ಊರೆಲ್ಲ ಎಳೆ ತೆನೆಯ ಸೀತನಿ ಸುಡುವ ಹೊಗೆ. ಫಕ್ಕೀರಪ್ಪ ಬಂದ ದಿನ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಿದ್ದಿತ್ತು. ಎರೆಮಣ್ಣಿಗೆ ಮಳೆ ಬಿದ್ದರೆ ಅದು ಗಾಡಿಯನ್ನು ಬಿಡುವುದಿಲ್ಲ. ಆಂಬುಲೆನ್ಸು ಊರ ಹೊರಗೆ ಹೂತುಕೊಂಡಿತು. ಗಂಡಸರು ಗಂಗವ್ವನ ಮನೆಯ ಹೊರಸು ತಂದು, ಅದರ ಮೇಲೆ ಅವನನ್ನು ಮಲಗಿಸಿ ಎತ್ತಿಕೊಂಡರು. ಹೊರಸಿನ ಒಂದು ಕಾಲಿಗೆ ಅಬ್ಬಾ. ನಾನು ಸಲಾಯಿನ್ ಬಾಟಲಿ ಎತ್ತಿ ಹಿಡಿದು ಬಾಜೂಕೆ ನಡೆಯುತ್ತಿದ್ದೆ. ಅದಕ್ಕೇ ಹೇಳುತ್ತೇನೆ, ನೀರೂ ಇಲ್ಲ, ಹಾಲೂ ಇಲ್ಲ. ಹೊರಸು ಮಲ್ಲವ್ವನ ಮನೆ ಮುಂದೆ ಹಾದುಹೋಯಿತು. ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವನು ಕೈ ಜೋಡಿಸಲು ನೋಡಿದ, ಸೂಜಿ ಇದ್ದ ಕೈ ಏಳಲಿಲ್ಲ. ಒಂದೇ ಕೈ ಎದೆಯ ಮೇಲೆ ಇಟ್ಟುಕೊಂಡ. ಅವಳು ನೋಡಿದಳು. ಅಷ್ಟೇ.

ಆಮೇಲಿನ ದಿನಗಳಲ್ಲಿ ಊರು ಅವನನ್ನು ನೋಡಿಕೊಂಡ ರೀತಿಯನ್ನು ನಾನು ಯಾವ ವೇದಿಕೆಯಲ್ಲಾದರೂ ಹೇಳಬಲ್ಲೆ. ಒಬ್ಬರ ಮನೆಯಿಂದ ತೆಳ್ಳನೆಯ ಗಂಜಿ, ಒಬ್ಬರ ಮನೆಯಿಂದ ಸೋಸಿದ ಮಜ್ಜಿಗೆ. ಆಸ್ಪತ್ರೆಯವರು ಹಾಕಿದ್ದ ನಳಿಗೆಯಲ್ಲಿ ಹೋಗುವಂಥದ್ದು ಮಾತ್ರ. ಈರಪ್ಪಕಾಕಾ ದಿನಾ ಹೊರಸಿನ ಹತ್ತಿರ ಕೂತು ಹೇಳುತ್ತಿದ್ದರು, "ಆರಾಮ ಆಗ್ತಿ ಬಿಡೋ, ಮುಂದಿನ ಹಿಂಗಾರಿಗೆ ಕೂಡೆ ಬಿತ್ತೂಣು." ಫಕ್ಕೀರಪ್ಪ ಕಣ್ಣಿನಲ್ಲಿ ನಗುತ್ತಿದ್ದ. ಪೊಲೀಸರ ಮುಂದೆ ಅದೇ ಮಾತು ಅವನನ್ನು ಮುಳುಗಿಸಿತ್ತು. ಹೊರಸಿನ ಬಾಜೂಕೆ ಅದು ಬೇರೆಯೇ ಮಾತಾಗಿತ್ತು, ಅದರ ಜಾಗ ಅದೇ. ನಾನು ತಿದ್ದಲು ಹೋಗಲಿಲ್ಲ.

ಜೋಳದ ರಾಶಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಬೆಳಗ್ಗೆ, ಅಕ್ಕನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹೋದ. ಅವನ ಹೊಲದಲ್ಲಿಯೇ ಮಣ್ಣು ಕೊಟ್ಟರು. ಮಲ್ಲವ್ವ ಮಣ್ಣಿಗೆ ಬರಲಿಲ್ಲ. ಬರುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಕಳೆದ ತಿಂಗಳು ಊರಿನಿಂದ ಮರಳುವಾಗ ಗುಡಗೇರಿ ಸಂತೆಯಲ್ಲಿ ಅವಳು ಸಿಕ್ಕಳು. ಊರಿಗೆ ಹೋಗುವ ಟಂಟಂ ಆಟೋದಲ್ಲಿ ಕೂತಿದ್ದಳು. ಜನ ತುಂಬುವವರೆಗೆ ಅದು ಹೊರಡುವುದಿಲ್ಲ. ನನ್ನ ರೈಲಿಗೂ ಹೊತ್ತಿತ್ತು. ಬಾಜೂಕೆ ಹತ್ತಿ ಕೂತೆ. ಪೇರಲ ಹಣ್ಣು ಮುರಿದು ಅರ್ಧ ನನ್ನ ಕೈಗಿಟ್ಟಳು.

"ಜನಾ ನಿನ್ನ ಬಗ್ಗೆ ಏನೇನೋ ಹೇಳ್ತಾರ ಚಿಗವ್ವಾ. ನೀ ಹಾಲ ಬಿಟ್ಟೀ ಅಂತ."

"ಹೇಳ್ಲಿ ಬಿಡು. ನನ್ನ ಎಮ್ಮಿ ಆ ವರ್ಷ ಹಿಂಡತಿದ್ದಿಲ್ಲ ಅನ್ನೂದ ಅವರಿಗೂ ಗೊತ್ತೈತಿ."

ನಗು ಮುಗಿಯಲಿ ಎಂದು ಕಾದೆ. ಆ ಮಧ್ಯಾಹ್ನದಿಂದಲೂ ನನ್ನೊಳಗೆ ಒಂದು ಪ್ರಶ್ನೆ ಇತ್ತು. ಪರ ಎಂದು ವಾದಿಸಿ ನೋಡಿದ್ದೇನೆ, ವಿರೋಧ ಎಂದೂ ವಾದಿಸಿ ನೋಡಿದ್ದೇನೆ, ಎರಡು ಕಡೆಯಿಂದಲೂ ಸೋತಿದ್ದೇನೆ. ಅವಳು ಹುಬ್ಬಳ್ಳಿಗೆ ಹೋದಾಗ ಊರೆಲ್ಲ ಆರಾಮ ಆಗುತ್ತಾನೆ ಎನ್ನುತ್ತಿತ್ತು; ಅವನು ನಿಜಕ್ಕೂ ಉಳಿಯುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ನೋಡಿದ ಮೇಲೆಯೇ ಗೊತ್ತಾದದ್ದು. ಟಂಟಂನವನು ಇನ್ನೊಬ್ಬರು ಬರ್ರಿ, ಇನ್ನೊಬ್ಬರು ಬರ್ರಿ ಎಂದು ಕೂಗುತ್ತಿದ್ದ. ನಾನು ಕೇಳಿಯೇ ಬಿಟ್ಟೆ.

"ಚಿಗವ್ವಾ, ಅವತ್ತ ದವಾಖಾನ್ಯಾಗ ಅವ ಎದ್ದ ಕುಂತಿದ್ರ, ಆರಾಮ ಆಗೂವಂಗ ಇದ್ದಿದ್ರ, ಕಟ್ಟಿ ಮ್ಯಾಲ ಬಂದ ಏನ್ ಹೇಳ್ತಿದ್ದಿ?"